ಕೊಟ್ಟಿಗೆಗೆ ಬರುವ ವಿದ್ಯಾರ್ಥಿನಿ: ಕಲಿಸುವುದೇನು, ಪಡೆಯುವುದೇನು?



ಬೆಳಿಗ್ಗೆ ಹಾಲು ಹಿಂಡಿ ಡೇರಿಗೆ ಹಾಕಿ ಬಂದಿದ್ದೀರಿ. ಒಲೆಯ ಮೇಲೆ ರೊಟ್ಟಿ ಹಂಚು ಕಾಯುತ್ತಿದೆ. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಹುಡುಗಿಯರು. ಕೈಯಲ್ಲಿ ನೋಟ್‌ಬುಕ್ಕು, ಹೆಗಲಿಗೆ ಚೀಲ.

“ಅಕ್ಕಾರ, ನಾವು ಕಾಲೇಜಿನಿಂದ ಬಂದೀವ್ರಿ. ನಿಮ್ಮ ಆಕಳು, ಎಮ್ಮಿ ನೋಡಬೇಕಾಗಿತ್ತು.”

“ಬರ್ರಿ ತಂಗಿ, ಕುಂದರ್ರಿ. ಚಾ ಮಾಡ್ತೀನಿ.”

ಚಹಾ ಆಗುತ್ತದೆ. ನಾಲ್ಕು ಪ್ರಶ್ನೆ ಕೇಳುತ್ತಾರೆ, ನೀವು ನಾಲ್ಕು ಉತ್ತರ ಹೇಳುತ್ತೀರಿ. ಒಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅವರ ನೋಟ್‌ಬುಕ್ಕು ತುಂಬುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಹಳ್ಳಿಗಳಲ್ಲಿ ಹೀಗೆ ಬಂದು ಹೋಗುವ ವಿದ್ಯಾರ್ಥಿಗಳನ್ನು ನೀವು ನೋಡಿಯೇ ಇರುತ್ತೀರಿ.

ಇದು ಹೀಗೇ ಆಗಬೇಕಿಲ್ಲ. ಈ ತಿಂಗಳ ಪಾಠದ ಸಾರ ಒಂದೇ ಮಾತು: ವಿದ್ಯಾರ್ಥಿನಿಯನ್ನು ಬರೀ ಚಹಾ ಕೊಟ್ಟು ಕಳಿಸಬೇಡಿ, ಕೆಲಸ ಕೊಟ್ಟು, ನಿಜ ಹೇಳಿ ಕಳಿಸಿ. ಹಾಗೆ ಮಾಡಿದರೆ ಆಕೆಗೂ ವಿದ್ಯೆ ದಕ್ಕುತ್ತದೆ, ನಿಮ್ಮ ಮನೆಯ ಲೆಕ್ಕವೂ ಸುಧಾರಿಸುತ್ತದೆ.

ಇವರು ಯಾರು? ಏಕೆ ಬರುತ್ತಾರೆ?

ಬರುವವರೆಲ್ಲರೂ ಒಂದೇ ಓದಿನವರಲ್ಲ. ಯಾರು ಬಂದಿದ್ದಾರೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಪಶುವೈದ್ಯಕೀಯ ವಿದ್ಯಾರ್ಥಿಗಳು: ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇವರು ಓದುತ್ತಾರೆ. ಒಟ್ಟು ಐದೂವರೆ ವರ್ಷದ ಓದು. ನಾಲ್ಕೂವರೆ ವರ್ಷ ಪಾಠ ಮುಗಿದ ಮೇಲೆ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಆಸ್ಪತ್ರೆ, ಫಾರ್ಮು, ಹಳ್ಳಿ ಸುತ್ತಿ ಕೈಕೆಲಸ ಕಲಿಯುವ ವರ್ಷ ಅದು. ಅದು ಮುಗಿಯದೆ ಪದವಿ ಸಿಗುವುದಿಲ್ಲ.

ಕೃಷಿ ವಿದ್ಯಾರ್ಥಿಗಳು: ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಂದ ಕೊನೆಯ ವರ್ಷದ ಮಕ್ಕಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಬರುತ್ತಾರೆ. ಹಳ್ಳಿಯಲ್ಲೇ ಉಳಿದು ಬೆಳೆ, ಮೇವು, ಮಣ್ಣು, ದನಕರು ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಇವರು ಪಶುವೈದ್ಯರಲ್ಲ. ಮೇವು ಮತ್ತು ಲೆಕ್ಕಪತ್ರದ ವಿಷಯದಲ್ಲಿ ಇವರಿಂದ ಬಹಳ ಉಪಯೋಗವಿದೆ.

ಡೇರಿ ತಂತ್ರಜ್ಞಾನದ ವಿದ್ಯಾರ್ಥಿಗಳು: ಕಲಬುರಗಿ ಜಿಲ್ಲೆಯ ಮಹಾಗಾಂವ್‌ನಲ್ಲಿರುವ ಡೇರಿ ವಿಜ್ಞಾನ ಕಾಲೇಜಿನಂಥ ಕಡೆ ಓದುವವರು. ಇವರ ತರಬೇತಿ ಹೆಚ್ಚಾಗಿ ಡೇರಿ ಘಟಕ, ಶೀತಲೀಕರಣ ಕೇಂದ್ರಗಳಲ್ಲಿ. ಹಾಲಿನ ಜಿಡ್ಡು, ಎಸ್‌ಎನ್‌ಎಫ್, ಹಾಲು ಕೆಡುವ ಕಾರಣ ಇವರನ್ನು ಕೇಳಬೇಕು.

ಕಲಿಯುವವರಿಗೆ ವಯಸ್ಸಿಲ್ಲ, ನಾಚಿಕೆಯೂ ಬೇಡ

“ಡಾಕ್ಟರ್ ಓದುವವರಿಗೆ ನಾವೇನು ಕಲಿಸೋದು?” ಎಂದು ನೀವು ಅಂದುಕೊಳ್ಳಬಹುದು. ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿ ಕೇಳಿ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿದ್ದರು. ಆಗ ಅಲ್ಲಿದ್ದ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನ ಸಾಕುವ, ಹಾಲಿನ ಕೆಲಸ ನಡೆಸುವ ರೀತಿಯನ್ನು ವಿದ್ಯಾರ್ಥಿಯಂತೆ ಕಲಿತರು. ಅವರಿಗಾಗ 57 ವರ್ಷ. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಅದೇ ಸಂಸ್ಥೆ ಇಂದು ಆಡುಗೋಡಿಯಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿದೆ.

ದೇಶಕ್ಕೇ ನಾಯಕರಾದವರು ದನದ ಮನೆಯಲ್ಲಿ ನಿಂತು ಕಲಿಯಲು ಸಂಕೋಚಪಡಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ನಿಮ್ಮಿಂದ ಕಲಿಯಲು ಸಂಕೋಚಪಡಬೇಕಿಲ್ಲ. ಕಲಿಸಲು ನೀವೂ ಹಿಂಜರಿಯಬೇಕಿಲ್ಲ.

ಆಕೆ ನಿಮ್ಮಿಂದ ಕಲಿಯಬೇಕಾದ ನಾಲ್ಕು ಪಾಠ

1. ಕಣ್ಣಿನ ಪಾಠ. ಥರ್ಮಾಮೀಟರ್ ಇಡುವ ಮೊದಲೇ ನಿಮಗೆ ಗೊತ್ತಾಗುತ್ತದೆ, ಇವತ್ತು ಎಮ್ಮೆಗೆ ಸರಿಯಿಲ್ಲ ಎಂದು. ಮೆಲುಕು ಹಾಕುತ್ತಿಲ್ಲ, ಮೂತಿಯ ಮೇಲೆ ಬೆವರಿಲ್ಲ, ಕಿವಿ ಜೋತಿದೆ, ಗೋದಲಿಯಲ್ಲಿ ಹಿಂಡಿ ಹಾಗೇ ಉಳಿದಿದೆ, ಸಗಣಿ ಗಟ್ಟಿಯಾಗಿದೆ. ಇದು ದಿನಕ್ಕೆ ಎರಡು ಹೊತ್ತು ಅದೇ ಪ್ರಾಣಿಯ ಪಕ್ಕ ಕೂತವರಿಗೆ ಮಾತ್ರ ಬರುವ ವಿದ್ಯೆ. ನೋಡಿದ್ದನ್ನು ಬಾಯಿಬಿಟ್ಟು ಹೇಳಿ. “ಯಾಕೋ ಸರಿಯಿಲ್ಲ” ಎಂದು ನಿಲ್ಲಿಸಬೇಡಿ. “ನಿನ್ನೆ ಸಂಜೆಯಿಂದ ಮೆಲುಕು ಕಡಿಮೆಯಾಗಿದೆ, ಹಾಲು ಅರ್ಧ ಲೀಟರ್ ಇಳಿದಿದೆ” ಎನ್ನಿ. ಡಾಕ್ಟರಿಗೂ ಬೇಕಾದದ್ದು ಇದೇ ವಿವರ.

2. ಮೇವಿನ ಪಾಠ. ಒಂದೇ ಜಿಲ್ಲೆಯಾದರೂ ನಮ್ಮ ಮೇವು ಒಂದಲ್ಲ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ, ಹಾಗಾಗಿ ಗೋದಲಿಯಲ್ಲಿ ಭತ್ತದ ಹುಲ್ಲು. ಲಿಂಗಸುಗೂರಿನ ಒಣಭೂಮಿಯಲ್ಲಿ ಜೋಳದ ಕಣಿಕೆ, ತೊಗರಿ ಹೊಟ್ಟು, ಶೇಂಗಾ ಬಳ್ಳಿ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಹೊಲಗಳಲ್ಲಿ ಒಂದಿಷ್ಟು ಹಸಿರು ಮೇವು. ಮಸ್ಕಿಯಲ್ಲಿ ನೀರಾವರಿ, ಒಣಭೂಮಿ ಎರಡೂ ಇವೆ. ಪುಸ್ತಕದಲ್ಲಿ “ದಿನಕ್ಕೆ ಇಷ್ಟು ಹಸಿರು ಮೇವು ಕೊಡಿ” ಎಂದಿರುತ್ತದೆ. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಹಸಿರು ಎಲ್ಲಿದೆ ಎಂಬುದನ್ನು ಆಕೆ ನಿಮ್ಮ ಹೊಲದಲ್ಲೇ ನೋಡಬೇಕು. ಆಗ ಮಾತ್ರ ಆಕೆ ಮುಂದೆ ಕೊಡುವ ಸಲಹೆ ಕೈಗೆಟುಕುವಂಥದ್ದಾಗುತ್ತದೆ.

ಎಳೆ ಜೋಳದ ವಿಷಯವನ್ನೂ ಆಕೆಗೆ ತೋರಿಸಿ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕುಳೆ ಜೋಳ ಇರುವ ಹೊಲಕ್ಕೆ ದನ ಬಿಡಬಾರದೆಂದು ನಿಮ್ಮ ಅತ್ತೆ ನಿಮಗೆ ಹೇಳಿರುತ್ತಾರೆ. ಕಾಲೇಜಿನಲ್ಲಿ ಇದನ್ನೇ ಸೈನೈಡ್ ವಿಷಬಾಧೆ ಎಂದು ಕಲಿಸುತ್ತಾರೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಪ್ರಾಣಿ ಏದುಸಿರು ಬಿಟ್ಟು, ನಡುಗಿ, ಬೀಳುತ್ತದೆ. ತಕ್ಷಣ ಡಾಕ್ಟರ್ ಬಂದು ಸೂಜಿ ಕೊಟ್ಟರೆ ಉಳಿಯುವ ಅವಕಾಶವಿದೆ, ತಡವಾದರೆ ಇಲ್ಲ. ಬೆಳೆ ಹೂವಿಗೆ ಬಂದ ಮೇಲೆ ಈ ವಿಷ ಕಡಿಮೆಯಾಗುತ್ತದೆ, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಭಯವಿಲ್ಲ. ಯಾವ ಹೊಲ, ಯಾವ ತಿಂಗಳು, ಎಷ್ಟೆತ್ತರದ ಚಿಗುರು ಎಂದು ಕೈಮಾಡಿ ತೋರಿಸುವವರು ನೀವು. ಏಕೆ ಹಾಗಾಗುತ್ತದೆ ಎಂದು ಹೇಳುವವಳು ಆಕೆ. ಎರಡೂ ಸೇರಿದರೆ ಪೂರ್ತಿ ಪಾಠ.

3. ಬೆದೆಯ ಪಾಠ. ಆಕಳು ಬೆದೆಗೆ ಬಂದರೆ ಕೂಗಿ ಊರಿಗೇ ಹೇಳುತ್ತದೆ. ಎಮ್ಮೆ ಹಾಗಲ್ಲ, ಅದರಲ್ಲೂ ಬೇಸಿಗೆಯಲ್ಲಿ ಮೂಕ ಬೆದೆ. ರಾತ್ರಿ ಅಥವಾ ನಸುಕಿನಲ್ಲಿ ಬಂದು ಹೋಗಿರುತ್ತದೆ. ಹಾಲು ಸೊರ ಬಿಡಲು ತಡ ಮಾಡಿತು, ಪದೇ ಪದೇ ಉಚ್ಚೆ ಹೊಯ್ಯಿತು, ಮಲಗಿದಲ್ಲಿ ತಿಳಿಯಾದ ಲೋಳೆ ಬಿದ್ದಿತ್ತು. ಇವನ್ನು ನಸುಕಿನಲ್ಲಿ ನೋಡುವವರು ನೀವೇ. ಹತ್ತು ಗಂಟೆಗೆ ಬರುವ ವಿದ್ಯಾರ್ಥಿನಿಗೆ ಇದು ಕಾಣುವುದಿಲ್ಲ. ಒಂದು ದಿನ ಐದು ಗಂಟೆಗೆ ಬಾ ಎಂದು ಕರೆಯಿರಿ.

4. ಸಮಯದ ಪಾಠ. ನೀವು ಎಷ್ಟು ಗಂಟೆಗೆ ಏಳುತ್ತೀರಿ, ಎಷ್ಟು ಕೊಡ ನೀರು ಹೊರುತ್ತೀರಿ, ಕೂಲಿಗೆ ಹೋದ ದಿನ ದನ ಯಾರು ನೋಡುತ್ತಾರೆ, ಹಾಲಿನ ಬಟವಾಡೆ ಯಾರ ಕೈಗೆ ಬರುತ್ತದೆ. ಇವನ್ನೂ ಆಕೆ ತಿಳಿಯಬೇಕು. “ದಿನಕ್ಕೆ ಎರಡು ಸಲ ಮೈ ತೊಳೆಯಿರಿ” ಎಂದು ಹೇಳುವ ಮೊದಲು ನೀರು ಎಷ್ಟು ದೂರದಿಂದ ಬರುತ್ತದೆಂದು ತಿಳಿದಿರುವ ಡಾಕ್ಟರಮ್ಮ ನಮಗೆ ಬೇಕು.

ಆಕೆಯಿಂದ ನೀವು ಮಾಡಿಸಿಕೊಳ್ಳಬೇಕಾದ ಐದು ಕೆಲಸ

ಮೊದಲನೆಯದು: ಕೆಚ್ಚಲಿನ ಗುಪ್ತ ಬಾವು ನೋಡುವುದು.

ಕೆಚ್ಚಲು ಊದಿ, ಬಿಸಿಯಾಗಿ, ಹಾಲು ಒಡೆದರೆ ನಿಮಗೆ ತಿಳಿಯುತ್ತದೆ. ಆದರೆ ಹೊರಗೆ ಏನೂ ಕಾಣದೆ ಒಳಗೇ ಇರುವ ಬಾವು ಹಾಲನ್ನೂ ಎಸ್‌ಎನ್‌ಎಫ್ ಅನ್ನೂ ನಿಧಾನವಾಗಿ ಇಳಿಸುತ್ತದೆ. ಒಂದು ಮೊಲೆಯಿಂದ ದಿನಕ್ಕೆ ಅರ್ಧ ಲೀಟರ್ ಕಡಿಮೆಯಾಯಿತು, ಲೀಟರಿಗೆ 35 ರೂಪಾಯಿ ಎಂದು ಹಿಡಿಯಿರಿ. ನೂರು ದಿನಕ್ಕೆ 1,750 ರೂಪಾಯಿ ಯಾರ ಕಣ್ಣಿಗೂ ಬೀಳದೆ ಹೋಯಿತು.

ಇದಕ್ಕೆ ನಾಲ್ಕು ಬಟ್ಟಲಿನ ತಟ್ಟೆಯ ಪರೀಕ್ಷೆ ಇದೆ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ್ದು, ಇಂದಿಗೂ ಕೊಟ್ಟಿಗೆಯಲ್ಲಿ ನಿಂತು ಮಾಡಬಹುದಾದ ಸುಲಭ ಪರೀಕ್ಷೆ. ಪ್ರತಿ ಮೊಲೆಯ ಮೊದಲ ಧಾರೆಗಳನ್ನು ಬೇರೆ ಪಾತ್ರೆಗೆ ಬಿಡಬೇಕು. ನಂತರ ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯ ಸ್ವಲ್ಪ ಹಾಲು ಹಿಂಡಿ, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಹಾಕಿ, ಹತ್ತು ಸೆಕೆಂಡ್ ತಟ್ಟೆಯನ್ನು ದುಂಡಗೆ ಆಡಿಸಬೇಕು. ಹಾಲು ನೀರಿನಂತೆ ಹರಿದಾಡಿದರೆ ಆ ಮೊಲೆ ಚೆನ್ನಾಗಿದೆ. ಗಂಜಿಯಂತೆ, ಲೋಳೆಯಂತೆ ದಪ್ಪವಾದರೆ ಒಳಗೆ ಬಾವಿದೆ. ದ್ರಾವಣ ಇಲ್ಲದಿದ್ದರೆ ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿಯೂ ನೋಡಬಹುದು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ. ಕರು ಹಾಕಿದ ಮೊದಲ ದಿನಗಳ ಗಿಣ್ಣದ ಹಾಲಿಗೆ ಈ ಪರೀಕ್ಷೆ ಸರಿಹೋಗುವುದಿಲ್ಲ.

ಒಮ್ಮೆ ಆಕೆ ಮಾಡಲಿ, ನೀವು ನೋಡಿ. ಎರಡನೇ ಸಲ ನೀವು ಮಾಡಿ, ಆಕೆ ನೋಡಲಿ. ಆಕೆ ಊರು ಬಿಟ್ಟ ಮೇಲೂ ಕೆಲಸ ನಿಮ್ಮ ಕೈಯಲ್ಲಿ ಉಳಿಯಬೇಕು. ಹಿಂಡಿದ ಮೇಲೆ ಮೊಲೆಯ ತುದಿ ಸುಮಾರು ಅರ್ಧ ಗಂಟೆ ತೆರೆದಿರುತ್ತದೆ. ಆ ಹೊತ್ತು ಪ್ರಾಣಿ ಸಗಣಿಯಲ್ಲಿ ಮಲಗದಂತೆ ಗೋದಲಿಗೆ ಮೇವು ಹಾಕಿ ನಿಲ್ಲಿಸುವುದು ಖರ್ಚಿಲ್ಲದ ಔಷಧ.

ಎರಡನೆಯದು: ಬೆದೆ ಮತ್ತು ಗಬ್ಬದ ಕ್ಯಾಲೆಂಡರ್ ಬರೆಸುವುದು.

ಗೋಡೆಯ ಕ್ಯಾಲೆಂಡರಿನಲ್ಲೇ ಬರೆಸಿ. ಆಕಳು, ಎಮ್ಮೆ ಎರಡಕ್ಕೂ ಬೆದೆಯ ಸುತ್ತು ಸುಮಾರು 21 ದಿನ. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿ. ಆಕಳಿನ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ.

ಒಂದು ಲೆಕ್ಕ ನೋಡಿ. ಎಮ್ಮೆಗೆ ಜನವರಿ 1ರಂದು ಗರ್ಭಧಾರಣೆ ಆಯಿತು. ಜನವರಿ 22ರ ಆಸುಪಾಸು ಮತ್ತೆ ಬೆದೆ ಬಂದಿತೇ ನೋಡಬೇಕು. ಏಪ್ರಿಲ್ ಮೊದಲ ವಾರ ಡಾಕ್ಟರಿಂದ ಗಬ್ಬ ಪರೀಕ್ಷೆ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಹಾಲು ಬತ್ತಿಸಬೇಕು. ನವೆಂಬರ್ 7ರ ಸುಮಾರಿಗೆ ಕರು. ಈ ಐದು ದಿನಗಳಿಗೆ ಕೆಂಪು ಗುರುತು ಹಾಕಿಸಿದರೆ ಓದಲು ಬಾರದವರಿಗೂ ಕ್ಯಾಲೆಂಡರ್ ಮಾತನಾಡುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಬರಡು ಎಮ್ಮೆಗೆ ಮೇವು ಹಾಕಿದಂತೆ. ದಿನಕ್ಕೆ 150 ರೂಪಾಯಿ ಎಂದು ಹಿಡಿದರೂ 3,150 ರೂಪಾಯಿ.

ಮೂರನೆಯದು: ಡಬ್ಬಿಯ ತೂಕ ನೋಡಿಸುವುದು.

ನಾವು ಪಶು ಆಹಾರವನ್ನು ಕಿಲೋ ಲೆಕ್ಕದಲ್ಲಿ ಹಾಕುವುದಿಲ್ಲ. ಡಬ್ಬಿ, ಬುಟ್ಟಿ, ತಂಬಿಗೆ ಲೆಕ್ಕದಲ್ಲಿ ಹಾಕುತ್ತೇವೆ. ನಿಮ್ಮ ಡಬ್ಬಿಯಲ್ಲಿ ಎಷ್ಟು ಹಿಡಿಯುತ್ತದೆ? ಡೇರಿಯ ತಕ್ಕಡಿಯಲ್ಲಿ ತೂಗಿಸಿ, ಡಬ್ಬಿಯ ಮೇಲೆ ಬರೆಸಿಬಿಡಿ. ರೂಢಿಯ ಲೆಕ್ಕ ಹೀಗಿದೆ: ಒಣ ಮೇವೇ ಹೆಚ್ಚಿರುವಾಗ ಮೈ ಪೋಷಣೆಗೆ ಒಂದೂವರೆಯಿಂದ ಎರಡು ಕಿಲೋ. ಅದರ ಮೇಲೆ ಆಕಳಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಎಮ್ಮೆಗೆ ಪ್ರತಿ ಎರಡು ಲೀಟರಿಗೆ ಒಂದು ಕಿಲೋ. ಒಳ್ಳೆಯ ಹಸಿರು ಮೇವು ಇದ್ದರೆ ಇದರಲ್ಲಿ ಇಳಿಸಬಹುದು. ಭತ್ತದ ಹುಲ್ಲೇ ಮುಖ್ಯವಾದ ಮನೆಗಳಲ್ಲಿ ಖನಿಜ ಮಿಶ್ರಣ ತಪ್ಪಿಸಬಾರದು. ಹಾಲು ಕೊಡುವ ಪ್ರಾಣಿಗೆ ದಿನಕ್ಕೆ ಸುಮಾರು 50 ಗ್ರಾಂ.

ಹೀಗೆ ತೂಗಿ ನೋಡಿದಾಗ ಎರಡು ಸಂಗತಿ ಹೊರಬೀಳಬಹುದು. ಹೆಚ್ಚು ಹಾಲಿನ ಪ್ರಾಣಿಗೆ ಕಡಿಮೆ ಹಾಕುತ್ತಿರಬಹುದು, ಬತ್ತಿದ ಪ್ರಾಣಿಗೆ ಹೆಚ್ಚು ಹಾಕುತ್ತಿರಬಹುದು. ಎರಡೂ ನಷ್ಟವೇ.

ನಾಲ್ಕನೆಯದು: ಟೇಪಿನಿಂದ ತೂಕ ಅಳೆಸುವುದು.

ಜಂತುಹುಳದ ಔಷಧದ ಪ್ರಮಾಣ ಪ್ರಾಣಿಯ ತೂಕದ ಮೇಲೆ ನಿಲ್ಲುತ್ತದೆ. ಕಡಿಮೆ ಹಾಕಿದರೆ ಹುಳ ಸಾಯುವುದಿಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ ಸಿಗುತ್ತದೆ. ಸುತ್ತಳತೆ 64, ಉದ್ದ 56 ಇಂಚು ಇದ್ದರೆ ತೂಕ ಸುಮಾರು 347 ಕಿಲೋ. ಲೆಕ್ಕ ಆಕೆ ಮೊಬೈಲಿನಲ್ಲಿ ಮಾಡಲಿ. ಟೇಪು ಹಿಡಿಯುವಾಗ ಪ್ರಾಣಿಯನ್ನು ಸಮಾಧಾನದಿಂದ ನಿಲ್ಲಿಸುವ ಕೆಲಸ ನಿಮ್ಮದು. ಕರುಗಳನ್ನು ತಿಂಗಳಿಗೊಮ್ಮೆ ಅಳೆದರೆ ಬೆಳೆಯುತ್ತಿವೆಯೋ ಇಲ್ಲವೋ ಗೊತ್ತಾಗುತ್ತದೆ.

ಐದನೆಯದು: ಕಿವಿಯೋಲೆ ಮತ್ತು ಲಸಿಕೆಯ ದಾಖಲೆ ಸರಿಮಾಡಿಸುವುದು.

ನಿಮ್ಮ ಪ್ರಾಣಿಯ ಕಿವಿಯೋಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಪ್ರತಿ ಪ್ರಾಣಿಗೆ ಒಂದು ಪುಟ ಮಾಡಿಸಿ ಆ ಸಂಖ್ಯೆ, ಎಷ್ಟನೇ ಸೂಲು, ಲಸಿಕೆಯ ದಿನ, ಗರ್ಭಧಾರಣೆಯ ದಿನ ಬರೆಸಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ಕಿವಿಯೋಲೆ ಬಿದ್ದುಹೋದ ಪ್ರಾಣಿಗಳ ಪಟ್ಟಿ ಮಾಡಿ ಸಂಘಕ್ಕೆ ಕೊಡಲು ಆಕೆಗೇ ಹೇಳಿ. ಪ್ರಾಣಿ ವಿಮೆಗೂ ಈ ಸಂಖ್ಯೆ ಬೇಕಾಗುತ್ತದೆ.

ಮುಚ್ಚಿಡಬೇಡಿ

ಈಗ ಸ್ವಲ್ಪ ಕಷ್ಟದ ಮಾತು. ವಿದ್ಯಾರ್ಥಿನಿ ಕೇಳಿದಾಗ ನಾವು ಸಾಮಾನ್ಯವಾಗಿ ಮೂರು ವಿಷಯ ಮುಚ್ಚಿಡುತ್ತೇವೆ.

ಒಂದು, ಹಾಲಿನ ಪ್ರಮಾಣ. ದೃಷ್ಟಿ ತಾಗೀತು ಎಂಬ ಅಂಜಿಕೆಯಿಂದ ಎಂಟು ಲೀಟರನ್ನು ಐದು ಎನ್ನುತ್ತೇವೆ. ಆಕೆ ಐದು ಲೀಟರಿನ ಲೆಕ್ಕಕ್ಕೆ ಆಹಾರ ಹೇಳುತ್ತಾಳೆ, ಎಂಟು ಲೀಟರ್ ಕೊಡುವ ಪ್ರಾಣಿ ಸೊರಗುತ್ತದೆ. ಎಲ್ಲರೆದುರು ಹೇಳಲು ಮನಸ್ಸಿಲ್ಲದಿದ್ದರೆ ಡೇರಿ ಪಾಸ್‌ಬುಕ್ ತೋರಿಸಿ, ಮನೆಗೆ ಇಟ್ಟುಕೊಂಡಿದ್ದನ್ನು ಸೇರಿಸಿ ಹೇಳಿ.

ಎರಡು, ಹಿಂದೆ ಕೊಟ್ಟ ಔಷಧ. ಅಂಗಡಿಯಿಂದ ತಂದ ಗುಳಿಗೆ, ಉಳಿದಿದ್ದ ಸೂಜಿಮದ್ದು, ನಾಟಿ ಔಷಧ, ಏನೇ ಕೊಟ್ಟಿದ್ದರೂ ಹೇಳಿ. ಗೊತ್ತಿಲ್ಲದೆ ಅದರ ಮೇಲೆ ಇನ್ನೊಂದು ಕೊಟ್ಟರೆ ಅಪಾಯ. ಔಷಧ ಕೊಟ್ಟ ಪ್ರಾಣಿಯ ಹಾಲನ್ನು ಡಾಕ್ಟರ್ ಹೇಳಿದಷ್ಟು ದಿನ ಡೇರಿಗೆ ಹಾಕಬಾರದು. ಆ ಹಾಲು ಕುಡಿಯುವವರಲ್ಲಿ ನಮ್ಮ ಮಕ್ಕಳಂಥ ಮಕ್ಕಳೇ ಇದ್ದಾರೆ.

ಮೂರು, ಕಂದು ಹಾಕಿದ್ದು. ಇದನ್ನು ಮುಚ್ಚಿಟ್ಟರೆ ಹಾನಿ ದನಕ್ಕಷ್ಟೇ ಅಲ್ಲ, ನಿಮಗೂ ಆಗಬಹುದು. ಗಬ್ಬದ ಕೊನೆಯ ಮೂರು-ನಾಲ್ಕು ತಿಂಗಳಲ್ಲಿ ಕಂದು ಹಾಕಿದರೆ ಅದು ಕಂದು ರೋಗ, ಅಂದರೆ ಬ್ರುಸೆಲ್ಲಾ ಇರಬಹುದು. ಈ ರೋಗ ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟದ ನೋವು. ದುಡಿತದ ನೋವೆಂದು ನಾವು ಅದನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತೇವೆ. ಮಾಸು ಎತ್ತುವವರು, ಕೊಟ್ಟಿಗೆ ಬಳಿಯುವವರು ಮನೆಯ ಹೆಂಗಸರೇ. ಬರಿಗೈಯಿಂದ ಮಾಸು, ಸತ್ತ ಕರು ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಬಸುರಿ ಹೆಣ್ಣುಮಕ್ಕಳು ಹತ್ತಿರ ಹೋಗಲೇಬಾರದು. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಿ, ನಾಯಿ ಎಳೆಯದಂತೆ ನೋಡಿ. ಹಾಲು ಕಾಯಿಸಿಯೇ ಕುಡಿಯಿರಿ. ಇದಕ್ಕೆ ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಂದೇ ಸಲ ಹಾಕುವ ಲಸಿಕೆ ಇದೆ.

“ಯಾರಿಗಾದರೂ ತಿಳಿದರೆ ಎಮ್ಮೆ ಮಾರಾಟವಾಗಲ್ಲ” ಎಂಬ ಭಯ ನಮಗೆ ಅರ್ಥವಾಗುತ್ತದೆ. ಆದರೆ ಕಂದು ಹಾಕಿದ ಸುದ್ದಿ ಡಾಕ್ಟರಿಗೆ ಮುಟ್ಟಿದರೆ ರಕ್ತ ಪರೀಕ್ಷೆಯಾಗಿ ನಿಜ ತಿಳಿಯುತ್ತದೆ. ಮುಚ್ಚಿಟ್ಟರೆ ಇಡೀ ಓಣಿಗೆ ಹರಡಬಹುದು. ವಿದ್ಯಾರ್ಥಿನಿಯೂ ಹೆಣ್ಣುಮಗಳೇ. ಗಂಡಸು ಡಾಕ್ಟರರ ಮುಂದೆ ಹೇಳಲು ಸಂಕೋಚವಾಗುವ ನಿಮ್ಮ ಜ್ವರ, ನೋವಿನ ಮಾತನ್ನು ಆಕೆಗೆ ಹೇಳಿ. ಆರೋಗ್ಯ ಕೇಂದ್ರದಲ್ಲಿ ಏನು ಕೇಳಬೇಕೆಂದು ಆಕೆ ತಿಳಿಸುತ್ತಾಳೆ. “ಮನೆಯಲ್ಲಿ ದನ ಇದೆ, ಕಂದು ಹಾಕಿತ್ತು” ಎಂದು ಅಲ್ಲಿನ ಡಾಕ್ಟರಿಗೆ ಹೇಳುವುದನ್ನು ಮರೆಯಬೇಡಿ.

ಆಕೆಗೂ ಮಿತಿ ಇದೆ

• ಪಶುವೈದ್ಯಕೀಯ ವಿದ್ಯಾರ್ಥಿನಿ ಡಾಕ್ಟರರ ಮೇಲ್ವಿಚಾರಣೆಯಲ್ಲಿ ಮಾತ್ರ ಚಿಕಿತ್ಸೆ ಮಾಡಬೇಕು. ಒಬ್ಬಳೇ ಬಂದಾಗ ಸೂಜಿ ಕೊಡಿಸಬೇಡಿ, ಗಬ್ಬ ಪರೀಕ್ಷೆ ಮಾಡಿಸಬೇಡಿ.
• ಕೃಷಿ ಮತ್ತು ಡೇರಿ ತಂತ್ರಜ್ಞಾನದ ವಿದ್ಯಾರ್ಥಿಗಳಿಂದ ಚಿಕಿತ್ಸೆ ಬೇಡವೇ ಬೇಡ.
• ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈಕಾಲು, ಬೂಟು ತೊಳೆಯಲು ಹೇಳಿ. ರೋಗ ಬೂಟಿನ ಜೊತೆಯೂ ಬರುತ್ತದೆ.
• ಫೋಟೊ ತೆಗೆಯುವ ಮೊದಲು ನಿಮ್ಮನ್ನು ಕೇಳಬೇಕು. ಬೇಡ ಎನ್ನುವ ಹಕ್ಕು ನಿಮಗಿದೆ.
• ಯಾವ ಕಾಗದಕ್ಕೂ ಓದಿಸಿ ಕೇಳದೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಮೊಬೈಲಿಗೆ ಬಂದ ಒಟಿಪಿ ಹೇಳುವ ಮೊದಲು ಸಂಘದ ಕಾರ್ಯದರ್ಶಿಯನ್ನು ಕೇಳಿ.
• ತುರ್ತು ಇದ್ದಾಗ ವಿದ್ಯಾರ್ಥಿನಿಗಾಗಿ ಕಾಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ತಿಳಿಯದಿದ್ದರೆ “ಗೊತ್ತಿಲ್ಲ, ಕೇಳಿ ಹೇಳ್ತೀನಿ” ಎನ್ನುವ ವಿದ್ಯಾರ್ಥಿನಿ ಒಳ್ಳೆಯ ಡಾಕ್ಟರಾಗುತ್ತಾಳೆ. ಹಾಗೆ ಹೇಳಿದಾಗ ನಗಬೇಡಿ. ಮರುದಿನ ಉತ್ತರ ತಂದಳೋ ಇಲ್ಲವೋ ಕೇಳಿ.

ಸಂಘ ಏನು ಮಾಡಬಹುದು?

ಒಬ್ಬೊಬ್ಬರ ಮನೆಯಲ್ಲಿ ಆಗುವ ಕೆಲಸ ಸಂಘದಲ್ಲಿ ಸೇರಿ ಮಾಡಿದರೆ ನಾಲ್ಕು ಪಟ್ಟು ಫಲ. ವಿದ್ಯಾರ್ಥಿಗಳು ಒಂದು ತಿಂಗಳು ಊರಲ್ಲಿದ್ದರೆ ಹೀಗೆ ಹಂಚಿಕೊಳ್ಳಿ:

ಮೊದಲ ವಾರ: ಹತ್ತು ಮನೆ ಆರಿಸಿ. ಒಂದೆರಡು ಎಮ್ಮೆ ಇರುವ ಬಡ ಮನೆಗಳೂ ಅದರಲ್ಲಿರಲಿ. ನಸುಕಿನ ಹಾಲು ಕರೆಯುವ ಹೊತ್ತಿಗೆ ವಿದ್ಯಾರ್ಥಿನಿ ಬರಲಿ, ಈ ವಾರ ಬರೀ ನೋಡಲಿ, ಕೇಳಲಿ.

ಎರಡನೇ ವಾರ: ಕೆಚ್ಚಲು ಪರೀಕ್ಷೆ, ಡಬ್ಬಿಯ ತೂಕ, ಟೇಪಿನ ಅಳತೆ.

ಮೂರನೇ ವಾರ: ಕ್ಯಾಲೆಂಡರ್, ಪ್ರಾಣಿಯ ಪುಟ, ಕಿವಿಯೋಲೆ ಪಟ್ಟಿ. ಗುಪ್ತ ಬಾವು ಕಂಡ ಪ್ರಾಣಿಗಳನ್ನು ಡಾಕ್ಟರಿಗೆ ತೋರಿಸುವುದು.

ನಾಲ್ಕನೇ ವಾರ: ಹಾಲು ಹಾಕುವ ಹೊತ್ತಿನಲ್ಲಿ ಸಂಘದ ಕಟ್ಟೆಯ ಮೇಲೆ ಸಭೆ. ಕಂಡದ್ದನ್ನು ಯಾವ ಮನೆಯ ಹೆಸರೂ ಹೇಳದೆ ವಿದ್ಯಾರ್ಥಿನಿ ಕನ್ನಡದಲ್ಲಿ ಹೇಳಲಿ. ವರದಿಯ ಒಂದು ಪ್ರತಿ ಸಂಘದಲ್ಲಿ ಉಳಿಯಲಿ. ಮುಂದಿನ ವರ್ಷ ಬರುವ ಹುಡುಗಿ ಅಲ್ಲಿಂದ ಮುಂದುವರಿಸಲಿ, ಮತ್ತೆ ಮೊದಲಿನಿಂದ ಚಹಾ ಕುಡಿಯುವುದು ಬೇಡ.

ಹೊಸಬರ ಕೈಗೆ ಕೆಲಸ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ನಮ್ಮ ಹಾಲಿನ ಚಳವಳಿಯೇ ಸಾಕ್ಷಿ. 1949ರಲ್ಲಿ ವರ್ಗೀಸ್ ಕುರಿಯನ್ ಎಂಬ ತರುಣ ವಿದ್ಯಾರ್ಥಿವೇತನದ ಕರಾರಿಗೆ ಕಟ್ಟುಬಿದ್ದು ಗುಜರಾತಿನ ಆಣಂದ್‌ನ ಸರ್ಕಾರಿ ಡೇರಿಗೆ ಬಂದರು. ಅಲ್ಲಿರಲು ಅವರಿಗೆ ಮನಸ್ಸಿರಲಿಲ್ಲ. ರೈತರ ಸಂಘದ ತ್ರಿಭುವನದಾಸ್ ಪಟೇಲರು ಕೆಟ್ಟುನಿಂತ ಯಂತ್ರಗಳನ್ನು ಸರಿಮಾಡಲು ಅವರ ನೆರವು ಕೇಳಿದರು. ಕೆಲಸ ಮಾಡುತ್ತ ಮಾಡುತ್ತ ಅವರು ಅಲ್ಲೇ ಉಳಿದರು. ಅವರ ಹುಟ್ಟಿದ ದಿನ ನವೆಂಬರ್ 26ನ್ನು ನಾವಿಂದು ರಾಷ್ಟ್ರೀಯ ಹಾಲು ದಿನವೆಂದು ಆಚರಿಸುತ್ತೇವೆ.

ನಿಮ್ಮ ಮಗಳ ಮಾತು

ವಿದ್ಯಾರ್ಥಿನಿ ಬಂದಾಗ ನಿಮ್ಮ ಮಗಳನ್ನು ಪಕ್ಕಕ್ಕೆ ಕೂರಿಸಿ. “ಈ ಓದಿಗೆ ಏನು ಮಾಡಬೇಕಕ್ಕ?” ಎಂದು ಅವಳೇ ಕೇಳಲಿ. ಪಿಯುಸಿಯಲ್ಲಿ ವಿಜ್ಞಾನ ಓದಿ ಪ್ರವೇಶ ಪರೀಕ್ಷೆ ಬರೆದರೆ ಪಶುವೈದ್ಯಕೀಯ, ಕೃಷಿ, ಡೇರಿ ತಂತ್ರಜ್ಞಾನದ ಪದವಿಗೆ ದಾರಿಯಿದೆ. ಎಸ್‌ಎಸ್‌ಎಲ್‌ಸಿ ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಈ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ರೈತರ ಮನೆಯ ವಸ್ತುಗಳ, ಕೆಲಸಗಳ ಪರಿಚಯವನ್ನೇ ನೋಡುತ್ತಾರೆ. ನಿಮ್ಮ ಜೊತೆ ಮೇವು ಕತ್ತರಿಸಿದ, ಕರು ಸಾಕಿದ ಹುಡುಗಿಗೆ ಆ ಪರೀಕ್ಷೆ ಹೊಸದಾಗುವುದಿಲ್ಲ. ಅರ್ಜಿಯ ದಿನ, ಬೇಕಾದ ಪ್ರಮಾಣಪತ್ರಗಳನ್ನು ಕಾಲೇಜಿನಲ್ಲಿ ಕೇಳಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಈ ತಿಂಗಳ ಮನೆಪಾಠ

1. ನಿಮ್ಮ ಆಹಾರದ ಡಬ್ಬಿಯಲ್ಲಿ ಎಷ್ಟು ಕಿಲೋ ಹಿಡಿಯುತ್ತದೆ? ನಾಳೆಯೇ ತೂಗಿ.
2. ನಿಮ್ಮ ಎಮ್ಮೆಗೆ ಕೊನೆಯ ಸಲ ಗರ್ಭಧಾರಣೆ ಮಾಡಿಸಿದ ದಿನ ಯಾವುದು? ಕ್ಯಾಲೆಂಡರಿನಲ್ಲಿ ಗುರುತಿದೆಯೇ?
3. ಈ ಎರಡು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಪ್ರಾಣಿ ಕಂದು ಹಾಕಿದೆಯೇ? ಡಾಕ್ಟರಿಗೆ ಹೇಳಿದ್ದೀರಾ?
4. ನಿಮಗೆ ಗೊತ್ತಿರುವ, ಪುಸ್ತಕದಲ್ಲಿ ಇರಲಾರದ ಒಂದು ಪಾಠ ಯಾವುದು? ಮುಂದಿನ ವಿದ್ಯಾರ್ಥಿನಿಗೆ ಅದನ್ನೇ ಮೊದಲು ಹೇಳಿ.

ಮುಂದಿನ ಸಲ ಬಾಗಿಲಲ್ಲಿ ನೋಟ್‌ಬುಕ್ಕು ಹಿಡಿದ ಹುಡುಗಿ ನಿಂತರೆ ಚಹಾ ಕೊಡಿ, ಅದು ನಮ್ಮ ಮರ್ಯಾದೆ. ಚಹಾ ಆದ ಮೇಲೆ, “ಬಾ ತಂಗಿ, ಎಮ್ಮಿ ಹತ್ರ ಹೋಗೂಣು. ಚೀಲ ಇಲ್ಲೇ ಇಡು, ಕೈ ತೊಳಕೊ” ಎನ್ನಿ.